ವಸಡಿನ ಕೆಳಗೆ ಉಳಿಯುವ ಸಿಮೆಂಟು

ಕ್ಲಿನಿಕ್ ತೆರೆದು ವರ್ಷ ತುಂಬುವುದರೊಳಗೆ ನಿನ್ನ ಹತ್ತಿರ ಇಂಪ್ಲಾಂಟ್ ಕೇಸುಗಳು ಬರತೊಡಗಿವೆ ಅಂತ ಕೇಳಿ ಸಂತೋಷವಾಯಿತು ಮಗಳೇ. ಡ್ರಿಲ್ ಯಾವ ವೇಗದಲ್ಲಿ ಓಡಬೇಕು, ಮೂಳೆ ಎಷ್ಟಿದ್ದರೆ ಯಾವ ಅಳತೆಯ ಇಂಪ್ಲಾಂಟ್ ಹಾಕಬೇಕು ಅನ್ನುವುದನ್ನೆಲ್ಲ ಹೇಳಿಕೊಡಲು ಈಗ ಕೋರ್ಸುಗಳಿಗೆ ಬರವಿಲ್ಲ. ನಾನು ಹೇಳಹೊರಟಿರುವುದು ಆ ಕೋರ್ಸುಗಳಲ್ಲಿ ಕೊನೆಯ ದಿನ ಅವಸರದಲ್ಲಿ ಮುಗಿಸಿಬಿಡುವ ವಿಷಯ. ಕ್ಯಾಪ್ ಅಂಟಿಸುವಾಗ ಅಂಚಿನಿಂದ ಉಕ್ಕಿ, ವಸಡಿನ ಕೆಳಗೆ ಕಣ್ಣಿಗೆ ಬೀಳದೆ ಉಳಿದುಬಿಡುವ ಸಿಮೆಂಟಿನ ವಿಷಯ. ಆಪರೇಷನ್ ಚೆನ್ನಾಗಿ ಆಗಿ, ಮೂಳೆ ಗಟ್ಟಿಯಾಗಿ ಕೂಡಿಕೊಂಡು, ಹಲ್ಲಿನ ಬಣ್ಣವೂ ಸರಿಹೊಂದಿ, ಎಲ್ಲ ಮುಗಿಯಿತು ಅನ್ನುವ ಹೊತ್ತಿನಲ್ಲಿ ಒಂದು ಅಕ್ಕಿನುಚ್ಚಿನಷ್ಟು ಸಿಮೆಂಟು ಇಡೀ ಕೆಲಸವನ್ನು ಕೆಡಿಸಬಲ್ಲದು.

ಮೊದಲು ಯಾಕೆ ಹೀಗಾಗುತ್ತದೆ ಅನ್ನುವುದನ್ನು ಮನಸ್ಸಿಗೆ ತಂದುಕೋ. ನೀನು ಕಾಲೇಜಿನಲ್ಲಿ ಕಲಿತದ್ದು ನಿಜವಾದ ಹಲ್ಲಿಗೆ ಕ್ಯಾಪ್ ಅಂಟಿಸುವುದನ್ನು. ಅಲ್ಲಿ ವಸಡಿನ ನಾರುಗಳು ಅಡ್ಡಡ್ಡಲಾಗಿ ಬಂದು ಬೇರಿನ ಮೇಲ್ಪದರದೊಳಗೆ ನಾಟಿಕೊಂಡಿರುತ್ತವೆ. ಉಕ್ಕಿದ ಸಿಮೆಂಟು ಕೆಳಗಿಳಿಯಲು ಹೋದರೆ ಆ ನಾರುಗಳೇ ಅಡ್ಡ ನಿಲ್ಲುತ್ತವೆ. ಟೈಟಾನಿಯಂಗೆ ಹಾಗೆ ನಾಟಿಕೊಳ್ಳುವ ನಾರುಗಳಿಲ್ಲ. ಅಲ್ಲಿ ನಾರುಗಳು ಇಂಪ್ಲಾಂಟಿನ ಉದ್ದಕ್ಕೂ ಸಮಾನಾಂತರವಾಗಿ ಓಡುತ್ತವೆ, ಬೆರಳಿಗೆ ಉಂಗುರ ತೊಡಿಸಿದ ಹಾಗೆ ಸುತ್ತುವರಿದಿರುತ್ತವೆ, ಅಷ್ಟೇ. ಅಂಟಿಕೊಂಡಿರುವುದು ಮೇಲ್ಪದರದ ತೆಳುವಾದ ಹಿಡಿತ ಮಾತ್ರ. ಕ್ಯಾಪನ್ನು ಬೆರಳಿನಿಂದ ಒತ್ತಿದಾಗ ಒಳಗಿನ ಸಿಮೆಂಟಿನ ಮೇಲೆ ಬೀಳುವ ಒತ್ತಡಕ್ಕೆ ಆ ಹಿಡಿತ ಎಲ್ಲಿ ತಡೆದೀತು? ಸಿಮೆಂಟು ಸುಲಭವಾಗಿ ಕೆಳಗೆ ಜಾರುತ್ತದೆ, ಕೆಲವೊಮ್ಮೆ ಮೂಳೆಯ ತನಕ. ಒತ್ತುವಾಗ ಸುತ್ತಲಿನ ವಸಡು ಬೆಳ್ಳಗಾಗುವುದನ್ನು ನೋಡಿರುತ್ತೀಯ. ಕ್ಯಾಪಿನ ಆಕಾರ ವಸಡನ್ನು ತಳ್ಳುವುದರಿಂದ ಹಾಗಾಗುತ್ತದೆ ಅಂತ ನಾವು ಸುಮ್ಮನಾಗುತ್ತೇವೆ. ಬರೀ ಕ್ಯಾಪನ್ನು ಟ್ರಯಲ್ ನೋಡಿದಾಗ ಬೆಳ್ಳಗಾಗದಿದ್ದ ಜಾಗ ಸಿಮೆಂಟು ಹಾಕಿದಾಗ ಬೆಳ್ಳಗಾದರೆ, ಅಲ್ಲಿ ಏನೋ ಕೆಳಗೆ ಹೋಗಿದೆ ಅಂತಲೇ ತಿಳಿ.

ಸ್ವೀಡನ್ನಿನ ಬ್ರೊನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಇಂಪ್ಲಾಂಟ್ ಹಾಕಿದ ನಂತರ ಬಂದ ಅವರ ಪದ್ಧತಿಯಲ್ಲಿ ಹಲ್ಲಿನ ಸಾಲನ್ನು ಸ್ಕ್ರೂ ಹಾಕಿಯೇ ಬಿಗಿಯುತ್ತಿದ್ದರು. ಒಂದೊಂದೇ ಹಲ್ಲಿಗೆ ಇಂಪ್ಲಾಂಟ್ ಹಾಕುವುದು ರೂಢಿಯಾದ ಮೇಲೆ ಅಂಟಿಸುವ ಪದ್ಧತಿ ಬೆಳೆಯಿತು. ನಮಗೆಲ್ಲ ಕೈಗೆ ಪಳಗಿದ ವಿದ್ಯೆ ಅದು, ನೋಡಲು ಚೆಂದ, ಮೇಲೆ ತೂತು ಕಾಣುವುದಿಲ್ಲ, ಖರ್ಚೂ ಕಡಿಮೆ. ಅದರ ಬೆಲೆ ಏನು ಅಂತ ಗೊತ್ತಾಗಲು ಬಹಳ ಕಾಲ ಹಿಡಿಯಿತು.

ಡಾ. ಥಾಮಸ್ ವಿಲ್ಸನ್ 2009ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೀನು ಓದಲೇಬೇಕು. ವಸಡಿನ ಒಳಗೆ ಇಳಿಸಬಹುದಾದ ಸಣ್ಣ ಎಂಡೋಸ್ಕೋಪಿನಿಂದ ಅವರು ಕಣ್ಣಾರೆ ನೋಡಿದರು. ಕಾಯಿಲೆಯ ಲಕ್ಷಣವಿದ್ದ 42 ಇಂಪ್ಲಾಂಟುಗಳಲ್ಲಿ 34ರ ಸುತ್ತ ಸಿಮೆಂಟು ಸಿಕ್ಕಿತು. ಆರೋಗ್ಯವಾಗಿದ್ದ 20 ಇಂಪ್ಲಾಂಟುಗಳಲ್ಲಿ ಒಂದರ ಸುತ್ತಲೂ ಸಿಗಲಿಲ್ಲ. ಸಿಮೆಂಟು ತೆಗೆದ ಒಂದು ತಿಂಗಳಿಗೆ ಮತ್ತೆ ನೋಡಿದರೆ, ಸುಮಾರು ಮುಕ್ಕಾಲು ಪಾಲು ಕೇಸುಗಳಲ್ಲಿ ಲಕ್ಷಣಗಳು ಮಾಯವಾಗಿದ್ದವು. ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಅಂಶ. ಕ್ಯಾಪ್ ಅಂಟಿಸಿದ ನಂತರ ಕಾಯಿಲೆ ಕಾಣಿಸಿಕೊಳ್ಳಲು ಕೆಲವರಿಗೆ ನಾಲ್ಕೇ ತಿಂಗಳು ಹಿಡಿದಿದ್ದರೆ, ಕೆಲವರಿಗೆ ಒಂಬತ್ತು ವರ್ಷಕ್ಕೂ ಮೇಲೆ ಹಿಡಿದಿತ್ತು. ಅಂದರೆ ಇವತ್ತು ನೀನು ಉಳಿಸಿದ ಚೂರು, ನೀನು ಆ ರೋಗಿಯ ಮುಖವನ್ನೇ ಮರೆತ ಮೇಲೆ ಕೆಲಸ ಶುರುಮಾಡಬಹುದು.

ಇದು ಕೈಯ ನೈಪುಣ್ಯದ ಪ್ರಶ್ನೆ ಮಾತ್ರವಲ್ಲ. 1997ರಲ್ಲಿ ಏಗರ್ ಮತ್ತು ಸಂಗಡಿಗರು, ಅಂಚು ವಸಡಿನ ಕೆಳಗಿರುವ ಮಾದರಿಗಳನ್ನು ಮಾಡಿ, ಆರು ಮಂದಿಯಿಂದ ಸಿಮೆಂಟು ತೆಗೆಸಿ ನೋಡಿದರು. ಪೂರ್ತಿ ತೆಗೆದಿದ್ದೇವೆ ಅಂತ ಕೈಬಿಟ್ಟ ಜಾಗಗಳಲ್ಲೂ ಸಿಮೆಂಟು ಉಳಿದಿತ್ತು, ಜೊತೆಗೆ ಕ್ಯಾಪನ್ನು ಹೊರುವ ಅಬಟ್ಮೆಂಟಿನ ಮೇಲೆ ಗೀರುಗಳೂ ಬಿದ್ದಿದ್ದವು. ಲಿಥುವೇನಿಯಾದ ಲಿಂಕೆವಿಚಿಯಸ್ ಇನ್ನೊಂದು ಜಾಣತನ ಮಾಡಿದರು. ಕ್ಯಾಪಿನ ನೆತ್ತಿಯಲ್ಲಿ ಮೊದಲೇ ತೂತು ಬಿಡಿಸಿ, ಅಂಟಿಸಿ, ಶುಚಿಮಾಡಿ, ಎಕ್ಸ್‌ರೇ ತೆಗೆದು, ಆಮೇಲೆ ಸ್ಕ್ರೂ ಬಿಚ್ಚಿ ಇಡೀ ಕ್ಯಾಪನ್ನು ಹೊರತೆಗೆದು ನೋಡಿದರು. ಅಂಚು ವಸಡಿನಿಂದ ಎಷ್ಟು ಕೆಳಗಿದೆಯೋ ಅಷ್ಟು ಹೆಚ್ಚು ಸಿಮೆಂಟು ಉಳಿದಿತ್ತು, ಎಕ್ಸ್‌ರೇ ಅದರಲ್ಲಿ ಹೆಚ್ಚಿನದನ್ನು ತೋರಿಸಿರಲೇ ಇಲ್ಲ. ಮೊದಲೇ ವಸಡಿನ ಕಾಯಿಲೆಯಿಂದ ಹಲ್ಲು ಕಳೆದುಕೊಂಡವರ ಸ್ಥಿತಿ ಇನ್ನೂ ಕಷ್ಟ. ಲಿಂಕೆವಿಚಿಯಸ್ ಅವರದೇ 2013ರ ಅಧ್ಯಯನದಲ್ಲಿ ಅಂಥ ಹಿನ್ನೆಲೆಯಿದ್ದು, ಸಿಮೆಂಟೂ ಉಳಿದಿದ್ದ ಇಂಪ್ಲಾಂಟುಗಳೆಲ್ಲಕ್ಕೂ ಮೂಳೆ ಸವೆಯುವ ಕಾಯಿಲೆ ಬಂದಿತ್ತು. ನಮ್ಮಲ್ಲಿ ಇಂಪ್ಲಾಂಟ್ ಬೇಕೆಂದು ಬರುವವರಲ್ಲಿ ಎಷ್ಟು ಜನ ಹಲ್ಲು ಅಲ್ಲಾಡಿ ಕಳೆದುಕೊಂಡವರು, ನೀನೇ ಯೋಚಿಸು.

ಆದ್ದರಿಂದ ನನ್ನ ಮುಖ್ಯ ಮಾತು ಇಷ್ಟು: ಸಿಮೆಂಟನ್ನು ಹೇಗೆ ತೆಗೆಯುವುದು ಅನ್ನುವ ಪ್ರಶ್ನೆಗೆ ಉತ್ತರ ಅಂಟಿಸುವ ದಿನದಲ್ಲಿಲ್ಲ, ಲ್ಯಾಬಿಗೆ ಚೀಟಿ ಬರೆಯುವ ದಿನದಲ್ಲಿದೆ. ಇನ್ನೂ ಹಿಂದೆ ಹೋದರೆ, ಇಂಪ್ಲಾಂಟ್ ಕೂರಿಸುವ ದಿನದಲ್ಲಿದೆ. ನಮ್ಮ ಊರುಗಳ ಪದ್ಧತಿ ನಿನಗೆ ಗೊತ್ತೇ ಇದೆ. ಭಾನುವಾರ ದೊಡ್ಡ ಊರಿನಿಂದ ಕನ್ಸಲ್ಟೆಂಟ್ ಬರುತ್ತಾರೆ, ಇಂಪ್ಲಾಂಟ್ ಕೂರಿಸುತ್ತಾರೆ, ಮುಂದಿನ ಊರಿಗೆ ಹೋಗುತ್ತಾರೆ. ಮೂರ್ನಾಲ್ಕು ತಿಂಗಳ ಮೇಲೆ ಕ್ಯಾಪ್ ಕೂರಿಸುವುದು ನೀನು. ಇಂಪ್ಲಾಂಟ್ ಓರೆಯಾಗಿ ನಿಂತಿದ್ದರೆ ಸ್ಕ್ರೂ ತೂತು ಹಲ್ಲಿನ ಮುಂಭಾಗಕ್ಕೆ ಬರುತ್ತದೆ, ಆಗ ಬಹುಮಟ್ಟಿಗೆ ಅಂಟಿಸದೆ ನಿನಗೆ ಬೇರೆ ದಾರಿ ಉಳಿಯುವುದಿಲ್ಲ. ಅದಕ್ಕೇ ಕನ್ಸಲ್ಟೆಂಟ್ ಬರುವ ಮುಂಚೆಯೇ ಹಲ್ಲು ಎಲ್ಲಿ ಬರಬೇಕು ಅನ್ನುವುದನ್ನು ನೀನು ಮೇಣದಲ್ಲಿ ಮಾಡಿಟ್ಟುಕೊಂಡು, ಅದರ ಪ್ರಕಾರ ಗೈಡ್ ಮಾಡಿಸಿ, ಅವರ ಕೈಗಿಡು. ಅವರು ಎಷ್ಟೇ ಹಿರಿಯರಾಗಿರಲಿ, ಸ್ಕ್ರೂ ಇಲ್ಲಿ ಬರಬೇಕು ಸರ್ ಅಂತ ಹೇಳಲು ಸಂಕೋಚಪಡಬೇಡ. ಕ್ಯಾಪ್ ಕೂರಿಸುವವಳು ನೀನು, ಮುಂದೆ ಆ ರೋಗಿ ಬಂದು ಬಾಗಿಲು ತಟ್ಟುವುದೂ ನಿನ್ನ ಕ್ಲಿನಿಕ್ಕಿನದೇ.

ದವಡೆ ಹಲ್ಲಿಗೆ ಸಾಧ್ಯವಾದಾಗಲೆಲ್ಲ ಸ್ಕ್ರೂ ಕ್ಯಾಪನ್ನೇ ಮಾಡು. ತೂತಿನಲ್ಲಿ ಟೆಫ್ಲಾನ್ ಟೇಪು ತುಂಬಿ ಮೇಲೆ ಕಾಂಪೊಸಿಟ್ ಹಾಕಿದರೆ ಊಟ ಮಾಡುವವರಿಗೆ ಏನೂ ತೊಂದರೆಯಿಲ್ಲ. ಆ ಟೇಪು ನಲ್ಲಿ ಜೋಡಿಸುವವರು ಬಳಸುವ ಬಿಳಿ ಟೇಪೇ, ಆಟೋಕ್ಲೇವ್ ಮಾಡಿಟ್ಟುಕೋ. ಸ್ಕ್ರೂ ಸಡಿಲವಾಗುವುದು, ತೂತಿನ ಅಂಚಿನಲ್ಲಿ ಪಿಂಗಾಣಿ ಚಕ್ಕೆ ಏಳುವುದು ಇವೆಲ್ಲ ಇದ್ದೇ ಇವೆ. ಆದರೆ ಸಡಿಲವಾದ ಸ್ಕ್ರೂವನ್ನು ಮತ್ತೆ ಬಿಗಿಯಬಹುದು. ಕರಗಿದ ಮೂಳೆಯನ್ನು ಹಾಗೆ ತರಲಾಗುವುದಿಲ್ಲ.

ಅಂಟಿಸಲೇಬೇಕಾದ ಕೇಸು ಬಂದರೆ, ಅಂಚು ಎಲ್ಲಿದೆ ನೋಡು. ರೆಡಿಮೇಡ್ ಅಬಟ್ಮೆಂಟಿನ ಅಂಚು ಸುತ್ತಲೂ ಒಂದೇ ಮಟ್ಟದಲ್ಲಿರುತ್ತದೆ. ವಸಡು ಹಾಗಿರುವುದಿಲ್ಲ, ಪಕ್ಕದ ಹಲ್ಲುಗಳ ಸಂದಿಯಲ್ಲಿ ಏರಿ, ಮುಂದೆ ಹಿಂದೆ ಇಳಿಯುತ್ತದೆ. ಮುಂಭಾಗದಲ್ಲಿ ಒಂದು ಮಿಲಿಮೀಟರ್ ಕೆಳಗಿದೆ ಅಂತ ನೀನು ಸಮಾಧಾನಪಟ್ಟುಕೊಂಡ ಅಂಚು ಸಂದಿಯಲ್ಲಿ ಮೂರು ಮಿಲಿಮೀಟರ್ ಆಳಕ್ಕೆ ಹೋಗಿರಬಹುದು. ಅಲ್ಲಿಗೆ ನಿನ್ನ ಕಣ್ಣೂ ಹೋಗದು, ಸ್ಕೇಲರೂ ಹೋಗದು. ವಸಡಿನ ಏರಿಳಿತ ಹಿಡಿದು ಲ್ಯಾಬಿನಲ್ಲಿ ಅಬಟ್ಮೆಂಟ್ ಮಾಡಿಸು. ಒಳಭಾಗದಲ್ಲೂ ಸಂದಿಯಲ್ಲೂ ಅಂಚು ವಸಡಿನ ಮಟ್ಟಕ್ಕೇ ಇರಲಿ, ನಕ್ಕಾಗ ಕಾಣುವ ಕಡೆ ಮಾತ್ರ ಸ್ವಲ್ಪ ಒಳಗಿರಲಿ, ಒಂದು ಮಿಲಿಮೀಟರ್ ದಾಟದಿರಲಿ. ಖರ್ಚು ಜಾಸ್ತಿಯಾಗುತ್ತದೆ, ನಿಜ. ರೋಗಿಗೆ ಕಾರಣ ಬಿಡಿಸಿ ಹೇಳಿದರೆ ಬಹುತೇಕರು ಒಪ್ಪುತ್ತಾರೆ, ನಾನು ಕಂಡಿದ್ದೇನೆ.

ಸಿಮೆಂಟು ಎಷ್ಟು ಬೇಕು? ಕ್ಯಾಪಿಗೂ ಅಬಟ್ಮೆಂಟಿಗೂ ನಡುವಿನ ಜಾಗ ಕೂದಲೆಳೆಯಷ್ಟು ತೆಳು. ನಾವು ಕ್ಯಾಪಿನ ಅರ್ಧದ ತನಕ ತುಂಬುತ್ತೇವೆ. ಉಳಿದದ್ದೆಲ್ಲ ಎಲ್ಲಿಗೆ ಹೋಗಬೇಕು? ಇದಕ್ಕೆ ಒಂದು ಸುಲಭ ಉಪಾಯವಿದೆ, ಅಮೆರಿಕದ ವಾಧ್ವಾನಿ ಅವರು ಬರೆದು ಪ್ರಚಾರಕ್ಕೆ ತಂದದ್ದು. ಕ್ಯಾಪಿನ ಒಳಗೆ ಟೆಫ್ಲಾನ್ ಟೇಪನ್ನು ಒಂದು ಪದರ ಒತ್ತಿ ಕೂರಿಸು. ಅದರೊಳಗೆ ಅಳತೆ ತೆಗೆಯುವ ಸಿಲಿಕೋನ್ ತುಂಬಿ, ಹಿಡಿಯಲು ಹಿಡಿಕೆಯಂತೆ ಸ್ವಲ್ಪ ಹೊರಗೂ ಬಿಡು. ಗಟ್ಟಿಯಾದ ಮೇಲೆ ಎಳೆದರೆ ಅಬಟ್ಮೆಂಟಿನ ಪ್ರತಿರೂಪವೇ ಕೈಗೆ ಬರುತ್ತದೆ. ಟೇಪು ತೆಗೆದು, ಕ್ಯಾಪಿಗೆ ಸಿಮೆಂಟು ಹಾಕಿ, ಮೊದಲು ಈ ಪ್ರತಿರೂಪದ ಮೇಲೆ ಒತ್ತು. ಹೆಚ್ಚಾದದ್ದೆಲ್ಲ ಬಾಯಿಯ ಹೊರಗೇ, ನಿನ್ನ ಕಣ್ಣ ಮುಂದೆಯೇ ಉಕ್ಕುತ್ತದೆ. ಅದನ್ನು ಒರೆಸಿ, ತಡಮಾಡದೆ ಕ್ಯಾಪನ್ನು ಬಾಯಿಗೆ ಕೂರಿಸಿದರೆ ಒಳಗೆ ಉಳಿದಿರುವುದು ತೆಳುವಾದ ಲೇಪ ಮಾತ್ರ. ಹೆಚ್ಚಿಗೆ ಐದು ನಿಮಿಷದ ಕೆಲಸ. ಒಮ್ಮೆ ಅಸಿಸ್ಟೆಂಟಿಗೂ ಕಲಿಸಿಬಿಡು.

ಯಾವ ಸಿಮೆಂಟು ಅನ್ನುವುದೂ ಮುಖ್ಯ. ಎಕ್ಸ್‌ರೇಯಲ್ಲಿ ಚೆನ್ನಾಗಿ ಬಿಳಿಯಾಗಿ ಕಾಣುವಂಥದ್ದನ್ನೇ ಇಟ್ಟುಕೋ. ಜಿಂಕ್ ಇರುವವು ಕಾಣುತ್ತವೆ, ಕೆಲವು ರೆಸಿನ್ ಸಿಮೆಂಟುಗಳು ದಪ್ಪಗಿದ್ದರೂ ಕಾಣುವುದಿಲ್ಲ. ಹೊಸ ಡಬ್ಬಿ ಬಂದಾಗ ಒಂದು ಚೂರು ಗಟ್ಟಿ ಮಾಡಿ, ಸೆನ್ಸರ್ ಮೇಲಿಟ್ಟು ಒಂದು ಆರ್‌ವಿಜಿ ಎಕ್ಸ್‌ರೇ ತೆಗೆದು ನೋಡು, ಐದು ಪೈಸೆ ಖರ್ಚಿಲ್ಲ. ರೆಸಿನ್ ಗಟ್ಟಿ ಹಿಡಿಯುತ್ತದೆ, ಅದೇ ಕಾರಣಕ್ಕೆ ಟೈಟಾನಿಯಂ ಮೇಲಿಂದ ಕೆರೆದು ತೆಗೆಯಲು ಅತಿ ಕಷ್ಟ. ಇಂಪ್ಲಾಂಟ್ ಕ್ಯಾಪಿಗೆ ಅಷ್ಟು ಬಲವಾದ ಹಿಡಿತ ಬೇಕಾಗುವುದೇ ಅಪರೂಪ.

ಇನ್ನು ಎಕ್ಸ್‌ರೇಯನ್ನು ಪೂರ್ತಿ ನಂಬಬೇಡ. ಒಬ್ಬ ಶಾಲಾ ಮೇಡಂ ನನ್ನ ಹತ್ತಿರ ಬಂದಿದ್ದರು, ಬೇರೆ ಕಡೆ ಕೆಳದವಡೆಗೆ ಇಂಪ್ಲಾಂಟ್ ಹಾಕಿಸಿಕೊಂಡಿದ್ದವರು. "ಬ್ರಷ್ ಮಾಡಿದ್ರೆ ಸಾಕು ರಕ್ತ ಬರ್ತದೆ ಡಾಕ್ಟ್ರೇ, ಬಾಯಿ ವಾಸನೆ ಬೇರೆ, ಮಕ್ಕಳ ಹತ್ರ ನಿಂತು ಪಾಠ ಮಾಡೋಕೆ ನಾಚಿಕೆ" ಅಂದರು. ಮೂರು ಸಲ ಆಂಟಿಬಯಾಟಿಕ್ ಕೊಟ್ಟಿದ್ದರಂತೆ. ಸಕ್ಕರೆ ಕಾಯಿಲೆ ಇದೆಯಲ್ಲ, ಸರಿಯಾಗಿ ಉಜ್ಜುತ್ತಿಲ್ಲ ಅಂತ ಬೈದೂ ಕಳಿಸಿದ್ದರಂತೆ. ಆರ್‌ವಿಜಿಯಲ್ಲಿ ಇಂಪ್ಲಾಂಟಿನ ಎರಡೂ ಪಕ್ಕ ಸ್ವಚ್ಛವಾಗಿತ್ತು. ಪ್ರೋಬನ್ನು ಹಗುರವಾಗಿ ಕೆನ್ನೆಯ ಕಡೆಯಿಂದ ಇಳಿಸಿದಾಗ ತುದಿಗೆ ಏನೋ ಗರಗರ ತಾಗಿತು, ಬೆನ್ನಿಗೇ ಕೀವು ಬಂತು. ವಸಡು ಬಿಡಿಸಿ ನೋಡಿದರೆ ಕೆನ್ನೆಯ ಕಡೆ, ಅಂಚಿನಿಂದ ಕೆಳಗೆ, ಹಳದಿಬಿಳುಪಿನ ಒಂದು ಚಕ್ಕೆ ಇಂಪ್ಲಾಂಟಿಗೆ ಅಂಟಿಕೊಂಡಿತ್ತು. ಎಕ್ಸ್‌ರೇಯಲ್ಲಿ ಅದು ಲೋಹದ ನೆರಳಿನ ಹಿಂದೆ ಅಡಗಿತ್ತು. ಆ ಚಕ್ಕೆ ತೆಗೆದ ಕೆಲವು ವಾರಗಳಲ್ಲಿ ರಕ್ತ ನಿಂತಿತು, ಇಳಿದ ಮೂಳೆ ಮಾತ್ರ ಇಳಿದೇ ಇತ್ತು. ಇಷ್ಟು ದಿನ ತಪ್ಪು ತಮ್ಮದೇ ಅಂದುಕೊಂಡಿದ್ದರು ಆ ತಾಯಿ. ಹಲ್ಲುಜ್ಜುವುದು ಸಾಲದು, ಅಡಿಕೆ ತಂಬಾಕು ಬಿಡಿ ಅಂತ ಹೇಳುವುದು ನಮ್ಮ ಕರ್ತವ್ಯ, ಅದು ಬೇರೆ. ಆದರೆ ರೋಗಿಯ ಮೇಲೆ ಹೊರಿಸುವ ಮೊದಲು ಕ್ಯಾಪಿನ ಕೆಳಗೆ ನೋಡುವುದನ್ನು ಅಭ್ಯಾಸ ಮಾಡಿಕೋ.

ಕ್ಯಾಪ್ ಅಂಟಿಸಿದ ದಿನವೇ ಪಕ್ಕದಲ್ಲಿ ಕೂತು ನಿಧಾನವಾಗಿ ಫ್ಲಾಸ್ ಆಡಿಸಿ, ಅಳತೆಗೆ ಒಂದು ಎಕ್ಸ್‌ರೇ ತೆಗೆದಿಡು. ವಾರದೊಳಗೆ ಮತ್ತೆ ಕರೆಸು. ವಸಡು ಆ ಹೊತ್ತಿಗೆ ಸ್ವಲ್ಪ ತಗ್ಗಿರುತ್ತದೆ, ಮೊದಲ ದಿನ ಕಾಣದ ಚೂರು ಆಗ ಕಂಡೀತು. ಮೂರು ತಿಂಗಳಿಗೆ, ಆಮೇಲೆ ಆರು ತಿಂಗಳಿಗೊಮ್ಮೆ ಪ್ರೋಬ್ ಮಾಡಿ ಆಳ ಬರೆದಿಡು. ಇಂಪ್ಲಾಂಟಿಗೆ ಪ್ರೋಬ್ ಹಾಕಬಾರದು ಅಂತ ನಿನಗೆ ಯಾರಾದರೂ ಹೇಳಿದ್ದರೆ ಅದನ್ನು ಬಿಡು. ಹಗುರವಾದ ಕೈಯಲ್ಲಿ ಹಾಕಿದರೆ ಏನೂ ಆಗುವುದಿಲ್ಲ, ಹಾಕದಿದ್ದರೆ ಮಾತ್ರ ಏನಾಗುತ್ತಿದೆ ಅನ್ನುವುದೇ ಗೊತ್ತಾಗುವುದಿಲ್ಲ. ಮೂಳೆ ಇಳಿಯುವ ಮುಂಚೆ, ರಕ್ತ ಮಾತ್ರ ಬರುತ್ತಿರುವ ಹಂತದಲ್ಲಿ ಹಿಡಿದರೆ ಸಾಮಾನ್ಯವಾಗಿ ಗುಣವಾಗುತ್ತದೆ. ಆ ಹಂತದಲ್ಲಿ ರೋಗಿಗೆ ನೋವಿರುವುದಿಲ್ಲ, ಅದೇ ಕಷ್ಟ. ನೋವಿಲ್ಲದೆ ಯಾರು ಬರುತ್ತಾರೆ? ಹಾಗಾಗಿ ಫೋನ್ ಮಾಡಿ ಕರೆಸುವ ಕೆಲಸವನ್ನು ರಿಸೆಪ್ಷನಿನ ಹುಡುಗಿಗೆ ಒಪ್ಪಿಸಿ ಮರೆಯದೆ, ತಿಂಗಳಿಗೊಮ್ಮೆ ನೀನೇ ಪಟ್ಟಿ ನೋಡು.

ಇನ್ನೊಂದು ಇದೆ. ನಿನ್ನ ರೋಗಿಗಳಲ್ಲಿ ಅರ್ಧ ಜನ ರಿಟೈರ್ ಆದವರು. ನಾಳೆ ಮಗನ ಮನೆಗೆಂದು ಬೆಂಗಳೂರಿಗೆ ಹೋಗುತ್ತಾರೆ, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿ ಆರು ತಿಂಗಳು ಇರುತ್ತಾರೆ. ಅಲ್ಲಿ ರಕ್ತ ಕಂಡು ಇನ್ನೊಬ್ಬ ಡಾಕ್ಟರ ಹತ್ತಿರ ಹೋದರೆ, ಒಳಗೆ ಏನಿದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಯಾವ ಕಂಪನಿಯ ಇಂಪ್ಲಾಂಟ್, ಯಾವ ಅಳತೆ, ಸ್ಕ್ರೂ ಬಿಚ್ಚಲು ಯಾವ ಡ್ರೈವರ್, ಅಂಟಿಸಿದ್ದೋ ಬಿಗಿದದ್ದೋ, ಅಂಟಿಸಿದ್ದಾದರೆ ಯಾವ ಸಿಮೆಂಟು, ಅಂಚು ಎಷ್ಟು ಆಳದಲ್ಲಿದೆ ಅನ್ನುವುದನ್ನೆಲ್ಲ ಒಂದು ಕಾರ್ಡಿನಲ್ಲಿ ಬಿಡಿಸಿದ ಅಕ್ಷರದಲ್ಲಿ ಬರೆದುಕೊಡು. ಮೊದಲ ದಿನದ ಎಕ್ಸ್‌ರೇಯನ್ನೂ ಅವರ ವಾಟ್ಸ್‌ಆ್ಯಪಿಗೆ ಕಳಿಸು, ಜೊತೆಗೆ ಬಂದಿರುವ ಮಗನೋ ಸೊಸೆಯೋ ಇದ್ದರೆ ಅವರ ನಂಬರಿಗೂ ಕಳಿಸು.