ಹಾರ್ಮೋನಿಯಂ ಕೀ, ಬೀಗದ ಕೀ, ಮೈಸೂರಿನ ನೋಟು

ಪ್ರಶ್ನೆ: ಊರಿನ ಕುರುಕ್ಷೇತ್ರ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು ‘ಆ ಕೀ ಒತ್ತು’, ‘ನಿನ್ನ ಶ್ರುತಿ ಒಂದೂವರೆ’ ಎನ್ನುತ್ತಾರೆ. ಮಗಳ ಕೀಬೋರ್ಡ್ ಟೀಚರು ‘ಈ ಹಾಡಿನ ಕೀ ಜಿ, ಮೊದಲ ನೋಟ್ ಡಿ’ ಎನ್ನುತ್ತಾರೆ. ಬೀಗಕ್ಕೂ ಕೀ, ಪರೀಕ್ಷೆಗೂ ಕೀ ಉತ್ತರ, ದುಡ್ಡಿಗೂ ನೋಟು. ಇವೆಲ್ಲ ಒಂದೇ ಪದಗಳೇ?
– ಒಬ್ಬ ಓದುಗರು, ಹ್ಯಾಂಡ್‌ಪೋಸ್ಟ್, ಎಚ್.ಡಿ. ಕೋಟೆ ತಾಲ್ಲೂಕು

ಉತ್ತರ: ಸಂಗೀತ ಕಲಿಯುವ ಬಹಳ ಮಂದಿ ಇಲ್ಲೇ ತೊಡರುತ್ತಾರೆ, ಕೇಳಲು ಮಾತ್ರ ಸಂಕೋಚಪಡುತ್ತಾರೆ. ಹೌದು, ಪದಗಳು ಎರಡೇ, ಅರ್ಥಗಳು ಹಲವು.

ನೋಟ್ ಸುಲಭ, ಅದನ್ನು ಮೊದಲು ನೋಡೋಣ. ಲ್ಯಾಟಿನ್ನಿನಲ್ಲಿ ಅದರ ಮೂಲಾರ್ಥ ಗುರುತು. ಶಾಲೆಯ ನೋಟ್ಸು, ಕಚೇರಿಯ ಕಡತದಲ್ಲಿ ಹಾಕುವ ನೋಟು, ಎಲ್ಲವೂ ಗುರುತು ಹಾಕಿಟ್ಟ ಬರಹಗಳೇ. ದುಡ್ಡಿನ ನೋಟು ಬರೆದುಕೊಟ್ಟ ಮಾತು. ಮೈಸೂರಿನ ಮುದ್ರಣಾಲಯದಲ್ಲಿ 1996ರಿಂದ ನೋಟುಗಳು ಅಚ್ಚಾಗುತ್ತಿವೆ. ಹತ್ತು ರೂಪಾಯಿಯದೊಂದನ್ನು ತೆಗೆದು ನೋಡಿ: ಇಷ್ಟು ಹಣ ಕೊಡುತ್ತೇನೆಂಬ ವಚನವೂ ಅದರ ಕೆಳಗೆ ರಿಸರ್ವ್ ಬ್ಯಾಂಕಿನ ಗವರ್ನರರ ಸಹಿಯೂ ಇರುತ್ತವೆ. ಒಂದು ರೂಪಾಯಿ ನೋಟಿನಲ್ಲಿ ಈ ವಚನ ಇಲ್ಲ, ಏಕೆಂದರೆ ಅದನ್ನು ಹೊರಡಿಸುವುದು ಕೇಂದ್ರ ಸರ್ಕಾರ. ಸಂಗೀತದಲ್ಲಿಯೂ ನೋಟ್ ಎಂದರೆ ಮೊದಲು ಕಾಗದದ ಮೇಲಿನ ಗುರುತು. ಬರಬರುತ್ತಾ ಆ ಗುರುತು ಸೂಚಿಸುವ ಧ್ವನಿಗೇ ಆ ಹೆಸರಾಯಿತು. ಅಂದಹಾಗೆ, ನಮ್ಮ ‘ನೋಟ’ಕ್ಕೂ ಇದಕ್ಕೂ ನಂಟಿಲ್ಲ. ಅದು ‘ನೋಡು’ವಿನಿಂದ ಬಂದದ್ದು.

ಕೀ ಎಂದರೆ ಮೊದಲಿಗೆ ಬೀಗದ ಕೈಯೇ. ಪ್ರಶ್ನೆಪತ್ರಿಕೆಯನ್ನು ಬಿಡಿಸಿಕೊಡುವುದರಿಂದ ಕೀ ಉತ್ತರ. ಯುರೋಪಿನ ಹಳೆಯ ಸಂಗೀತಗಾರರು ಗೆರೆಗಳ ಮೇಲೆ ಬರೆಯುತ್ತಿದ್ದ ಸ್ವರಾಕ್ಷರವನ್ನು ಲ್ಯಾಟಿನ್ನಿನಲ್ಲಿ ಬೀಗದ ಕೈ ಎಂದೇ ಕರೆದರು, ಅದು ತಿಳಿದರೆ ಉಳಿದ ಸ್ವರಗಳ ಜಾಗ ತಾನೇ ತಿಳಿಯುತ್ತಿತ್ತು. ಆ ಹೆಸರು ಮುಂದೆ ವಾದ್ಯದ ಮೇಲೆ ಬೆರಳಿನಿಂದ ಒತ್ತುವ ಪಟ್ಟಿಗೂ ಅಂಟಿತು, ಹಾಡು ನೆಲೆ ನಿಲ್ಲುವ ಸ್ವರಕ್ಕೂ ಅಂಟಿತು. ನಿಮ್ಮ ಮೇಷ್ಟ್ರು ಹೇಳುವುದು ಒತ್ತುವ ಕೀ, ಟೀಚರು ಹೇಳುವುದು ನೆಲೆಯ ಕೀ.

ಈಗ ಹಾರ್ಮೋನಿಯಂ ಮುಂದೆ ಕುಳಿತುಕೊಳ್ಳಿ. ಒಂದು ಸ್ಥಾಯಿಗೆ ಬಿಳಿಯವು ಏಳು, ಕರಿಯವು ಐದು. ಎರಡೇ ಕರಿ ಕೀಗಳಿರುವ ಗುಂಪಿನ ಎಡಕ್ಕೆ ಅಂಟಿಕೊಂಡಿರುವ ಬಿಳಿಯೇ ಒಂದನೆಯದು. ಪಾಶ್ಚಾತ್ಯರು ಅದನ್ನು ಸಿ ಎನ್ನುತ್ತಾರೆ. ಒಂದಕ್ಕೂ ಎರಡಕ್ಕೂ ನಡುವಿನ ಕರಿಯೇ ನಿಮ್ಮ ಒಂದೂವರೆ. ಮೂರನೆಯ ಮತ್ತು ನಾಲ್ಕನೆಯ ಬಿಳಿಗಳ ನಡುವೆ ಕರಿ ಇಲ್ಲ, ಹಾಗಾಗಿ ಮೂರೂವರೆ ಶ್ರುತಿ ಎಂದು ಯಾರೂ ಹೇಳುವುದಿಲ್ಲ.

ಗೊಂದಲ ಹುಟ್ಟುವುದು ಇಲ್ಲಿ. ಒಂದನೇ ಬಿಳಿಯೇ ಯಾವಾಗಲೂ ‘ಸ’ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ನಮ್ಮಲ್ಲಿ ‘ಸ’ ಹಾಡುವವರ ಕಂಠಕ್ಕೆ ತಕ್ಕಂತೆ ಜಾಗ ಬದಲಿಸುತ್ತದೆ. ಭೀಮನ ಪಾತ್ರಧಾರಿಗೆ ಒಂದು ಶ್ರುತಿ ಹಿತವಾದರೆ ಅವನ ‘ಸ’ ಒಂದನೇ ಬಿಳಿ, ‘ಪ’ ಐದನೇ ಬಿಳಿ. ದ್ರೌಪದಿ ಪಾತ್ರದ ಹೆಣ್ಣುಮಗಳು ಐದು ಶ್ರುತಿಗೆ ಹಾಡಿದರೆ ಅದೇ ಐದನೇ ಬಿಳಿ ಆಕೆಗೆ ‘ಸ’. ಒತ್ತಿದ್ದು ಒಂದೇ ಕೀ, ಕೇಳಿಸುವುದೂ ಒಂದೇ ಧ್ವನಿ, ಆದರೆ ಸ್ವರದ ಹೆಸರು ಬೇರೆ. ಪಾಶ್ಚಾತ್ಯರಿಗೆ ಮಾತ್ರ ಆ ಐದನೇ ಬಿಳಿ ಯಾರು ಹಾಡಿದರೂ ಜಿ ಆಗಿಯೇ ಇರುತ್ತದೆ. ನೋಟ್ ಎಂದರೆ ಸ್ವರ ಎಂದು ಥಟ್ಟನೆ ಹೇಳಿಬಿಟ್ಟರೆ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ.

ಕೀ ಎಂದರೆ ಶ್ರುತಿ ಎಂಬುದೂ ಅರ್ಧ ಮಾತು. ಶ್ರುತಿ ‘ಸ’ ಎಲ್ಲಿದೆ ಎಂದಷ್ಟೇ ಹೇಳುತ್ತದೆ. ಯಾವ ಸ್ವರಗಳು ಬರುತ್ತವೆ ಎಂಬುದನ್ನು ರಾಗ ಹೇಳಬೇಕು. ಪಾಶ್ಚಾತ್ಯರ ‘ಜಿ ಮೇಜರ್’ ಎರಡನ್ನೂ ಒಟ್ಟಿಗೆ ಹೇಳುತ್ತದೆ: ‘ಸ’ ಐದನೇ ಬಿಳಿ, ಸ್ವರಗಳು ನಮ್ಮ ಶಂಕರಾಭರಣದವು.

ನಿಮ್ಮ ಮಗಳ ಪಾಠವನ್ನು ಮೇಷ್ಟ್ರ ಮಾತಿನಲ್ಲಿ ಹೇಳುವುದಾದರೆ: ಹಾಡಿನ ಶ್ರುತಿ ಐದು, ಎತ್ತುಗಡೆ ಪಂಚಮದಲ್ಲಿ, ಒತ್ತಬೇಕಾದದ್ದು ಎರಡನೇ ಬಿಳಿ.