ಗುಂಡುತೋಪಿನ ಮರಕ್ಕೆ ಹುಳ ಬಿದ್ದಾಗ

ಮದ್ದೂರು ಕಡೆಯ ನಮ್ಮ ಕೊಪ್ಪದ ಸುತ್ತ ಹೆಗ್ಗಾಡಿಲ್ಲ. ನಮ್ಮ ಪಾಲಿನ ಕಾಡೆಂದರೆ ಗುಂಡುತೋಪು, ಕೆರೆ ಏರಿ, ರಸ್ತೆ ಬದಿಯ ಸಾಲುಮರ. ಬೇವು, ಹೊಂಗೆ, ಹುಣಸೆ, ಆಲ, ಅರಳಿ. ಸರ್ಕಾರಿ ಜಾಗದ ಈ ಮರಗಳನ್ನು ನೋಡಿಕೊಳ್ಳುತ್ತ ಕಲಿತದ್ದಿಷ್ಟು.

1. ಔಷಧಿ ಡಬ್ಬ ಮುಟ್ಟುವ ಮೊದಲು ಪಕ್ಕದ ಹೊಲ ನೋಡಿ. ಮದ್ದೂರು, ಮಳವಳ್ಳಿ ಕಡೆ ಎಷ್ಟೋ ಊರುಗಳಲ್ಲಿ ರಸ್ತೆಗೆ ಹೊಂದಿಕೊಂಡೇ ಹಿಪ್ಪುನೇರಳೆ ತೋಟವಿರುತ್ತದೆ. ಮರಕ್ಕೆ ಹೊಡೆದದ್ದು ಗಾಳಿಗೆ ತೇಲಿ ಆ ಸೊಪ್ಪಿನ ಮೇಲೆ ಕೂತರೆ ಒಂದು ಮನೆಯ ರೇಷ್ಮೆ ಬೆಳೆಯೇ ಹೋಗುತ್ತದೆ. ಜೈವಿಕವೆಂದು ಹೆಸರಾದ ಬಿ.ಟಿ. ಪುಡಿಯೂ ಇಲ್ಲಿ ಬೇಡ. ಅದು ಎಲೆ ತಿನ್ನುವ ಪತಂಗದ ಹುಳಗಳ ಕರುಳನ್ನು ಕೆಡಿಸುವ ಬ್ಯಾಕ್ಟೀರಿಯಾ. ರೇಷ್ಮೆಹುಳುವೂ ಅದೇ ಪತಂಗದ ಕುಲ. ಇನ್ನು, 2007ರಲ್ಲಿ ಸಮುದಾಯ ಮೀಸಲು ಪ್ರದೇಶವಾದ ಕೊಕ್ಕರೆಬೆಳ್ಳೂರಿನಂಥ ಕಡೆ, ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ಟುವ ಹುಣಸೆಮರಕ್ಕೆ ಸಿಂಪರಣೆಯ ಮಾತನ್ನೇ ಎತ್ತಬಾರದು.

2. ಬೇವು ಒಣಗಿತೆಂದು ಕೊಡಲಿ ತರಬೇಡಿ. ಮಳೆಗಾಲ ಕಳೆಯುವ ಹೊತ್ತಿಗೆ ತುದಿಕೊಂಬೆಗಳು ಸುಟ್ಟ ಹಾಗೆ ಕಂದಾಗುತ್ತವೆ. ಟೀ ಸೊಳ್ಳೆ ಎಂಬ ತಿಗಣೆ ಎಳೆಚಿಗುರಿನ ರಸ ಹೀರುತ್ತದೆ, ಫೋಮಾಪ್ಸಿಸ್ ಎಂಬ ಶಿಲೀಂಧ್ರವೂ ರೆಂಬೆ ಒಣಗಿಸುತ್ತದೆ. ಎರಡೂ ಕೂಡಿದ ವರ್ಷ ನೋಡಲು ಹೊಟ್ಟೆ ಉರಿಯುತ್ತದೆ. ಆದರೂ ಬಲಿತ ಮರ ಸಾಮಾನ್ಯವಾಗಿ ಯುಗಾದಿಯ ಆಸುಪಾಸಿಗೆ ಮತ್ತೆ ಚಿಗುರುತ್ತದೆ. ಅಷ್ಟೆತ್ತರದ ನೆತ್ತಿಗೆ ಔಷಧಿ ಸರಿಯಾಗಿ ತಲುಪುವುದೂ ಇಲ್ಲ. ಎಟಕುವ ಒಣತುದಿ ಸವರಿ ಸುಡಿ, ಎಳೆಗಿಡಗಳಿಗೆ ನೀರು ಕೊಡಿ, ಕಾಯಿರಿ.

3. ಹೊಂಗೆ ಎಲೆಯ ಗಂಟು ನುಸಿಯ ಕೆಲಸ. ಬಿಟ್ಟುಬಿಡಿ.

4. ಕಾಂಡ ಕೊರೆಯುವ ಹುಳಕ್ಕೆ ಮಾತ್ರ ಕಾಯುವಂತಿಲ್ಲ. ಬುಡದಲ್ಲಿ ಮರದ ಪುಡಿ, ತೊಗಟೆಯಲ್ಲಿ ಅಂಟು ಕಂಡರೆ ಅಂದೇ ತೂತು ಹುಡುಕಿ, ಕೊಕ್ಕೆ ತಂತಿಯಿಂದ ಹುಳ ಎಳೆದು, ಜೇಡಿಮಣ್ಣು ಮೆತ್ತಿ. ಈ ಹುಳಗಳನ್ನು ಹುಟ್ಟಿಸುವ ಎಷ್ಟೋ ದುಂಬಿಗಳು ಮೊಟ್ಟೆಯಿಡುವುದು ಗಾಯವಾದ, ಸೊರಗಿದ ತೊಗಟೆಯಲ್ಲಿ. ಆ ಗಾಯ ಮಾಡುವವರು ನಾವು: ಬೋರ್ಡಿಗೆ ಹೊಡೆದ ಮೊಳೆ, ಬುಡದಲ್ಲಿ ಕಸಕ್ಕೆ ಇಟ್ಟ ಬೆಂಕಿ, ಸುತ್ತ ಹಾಕಿದ ಕಾಂಕ್ರೀಟು. ಮೊಳೆ ಕೀಳಿಸುವುದನ್ನೂ ನಾನು ಕೀಟ ನಿಯಂತ್ರಣವೆಂದೇ ಎಣಿಸುತ್ತೇನೆ.

5. ಹೊಸ ಕೀಟ ಬಂದರೆ ಅದರ ಶತ್ರುವನ್ನು ಹುಡುಕಬೇಕು. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಪಪ್ಪಾಯಿ ಹಿಟ್ಟುತಿಗಣೆ ಹಿಪ್ಪುನೇರಳೆಗೂ ಹಬ್ಬಿತು. ಬೇಲಿಸಾಲಿನ ಪಾರ್ಥೇನಿಯಂ ಮೇಲೂ ಅದು ಬದುಕುತ್ತದೆ. ಎಲ್ಲೆಲ್ಲಿ ಅಂತ ಹೊಡೆಯುವುದು? 2010ರಲ್ಲಿ ಪೋರ್ಟೊರಿಕೊದಿಂದ ತರಿಸಿ, ಬೆಂಗಳೂರಿನಲ್ಲಿ ಬೆಳೆಸಿ ಬಿಟ್ಟ ಅಸಿರೊಫೇಗಸ್ ಎಂಬ ಪುಟ್ಟ ಕಣಜ ಅದನ್ನು ಹಿಡಿತಕ್ಕೆ ತಂದಿತು. ಕಂಡಕಂಡಲ್ಲಿ ವಿಷ ಹೊಡೆದರೆ ಮೊದಲು ಸಾಯುವುದು ಇಂಥ ಕಣಜಗಳೇ.

6. ಉಳಿಯದ ಮರವನ್ನು ಕಡಿಯಲೇಬೇಕಾದರೆ ಅರಣ್ಯ ಇಲಾಖೆಗೆ ಬರೆಯಿರಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು. ಹುಳ ಹಿಡಿದ ದಿಮ್ಮಿಯನ್ನು ಹರಾಜಿನವರೆಗೆ ತೋಪಿನಲ್ಲೇ ಪೇರಿಸಿಡಬೇಡಿ. ಒಳಗಿನ ಹುಳ ದುಂಬಿಯಾಗಿ ಹೊರಬಿದ್ದರೆ ಪಕ್ಕದ ಮರಕ್ಕೇ ಹೋಗುತ್ತದೆ.