ಚಲನ ಸಂವೇದಕಗಳು: ಹವ್ಯಾಸಿಯ ಆಯ್ಕೆಗೆ ಕೆಲವು ಸೂತ್ರಗಳು

ಪುಣೆ ನಗರದ ಹಳೆಯ ಪೇಠೆಗಳಲ್ಲಿ ಇಂದಿಗೂ ಅಲ್ಲಲ್ಲಿ ವಾಡೆಗಳು ಉಳಿದುಕೊಂಡಿವೆ. ನಡುವೆ ಚೌಕ, ಸುತ್ತಲೂ ಮರದ ಕಂಬಗಳ ಪಡಸಾಲೆ, ಗೋಡೆಯ ಮಗ್ಗುಲಲ್ಲಿ ಕಡಿದಾದ ಇಕ್ಕಟ್ಟಿನ ಮೆಟ್ಟಿಲು, ಇದು ಅವುಗಳ ಸಾಮಾನ್ಯ ರಚನೆ. ಇಂಥ ಮೆಟ್ಟಿಲುಗಳ ಮೇಲೆ ಬೆಳಕು ಬೀಳುವುದು ಕಡಿಮೆ. ರಾತ್ರಿಯ ವೇಳೆ ವಯಸ್ಸಾದವರು ತಡವರಿಸುತ್ತ ಇಳಿಯಬೇಕಾಗುತ್ತದೆ. ದೀಪದ ಸ್ವಿಚ್ಚು ಕೆಳಗಿದ್ದರೆ ಮೇಲಿನವರಿಗೆ ಪ್ರಯೋಜನವಿಲ್ಲ. ರಾತ್ರಿಯಿಡೀ ದೀಪ ಉರಿಸಿದರೆ ವಿದ್ಯುತ್ತು ವ್ಯರ್ಥ. ಯಾರಾದರೂ ಮೆಟ್ಟಿಲಿನ ಮೇಲೆ ಕಾಲಿಟ್ಟೊಡನೆ ತಾನಾಗಿ ಹೊತ್ತಿ, ಅವರು ಹೋದ ಬಳಿಕ ಆರುವ ದೀಪವನ್ನು ರಚಿಸುವುದು ವಿದ್ಯುನ್ಮಾನ ಹವ್ಯಾಸಿಗೆ ಉತ್ತಮ ಅಭ್ಯಾಸ. ಆದರೆ ಅಜ್ಜಿಯೊಬ್ಬರು ನಡುಮೆಟ್ಟಿಲಿನಲ್ಲಿ ದಣಿವಾರಿಸಿಕೊಳ್ಳಲು ನಿಂತಾಗಲೇ ಆ ದೀಪ ಆರಿಹೋದರೆ, ದೀಪವಿಲ್ಲದಿರುವುದಕ್ಕಿಂತಲೂ ಹೆಚ್ಚಿನ ಅಪಾಯ ಒದಗುತ್ತದೆ. ಆದುದರಿಂದ ಸಂವೇದಕದ ಆಯ್ಕೆ ಕೇವಲ ಬೆಲೆಯ ಪ್ರಶ್ನೆಯಲ್ಲ.

ಪುಣೆಯ ಬುಧವಾರ ಪೇಠೆಯಲ್ಲಿರುವ ತಪಕೀರ ಗಲ್ಲಿಯು ವಿದ್ಯುತ್ ಹಾಗೂ ವಿದ್ಯುನ್ಮಾನ ಸಾಮಗ್ರಿಗಳ ಮಾರಾಟಕ್ಕೆ ಹೆಸರಾದ ಸ್ಥಳ. ಮರಾಠಿಯಲ್ಲಿ ತಪಕೀರ ಎಂದರೆ ನಸ್ಯ. ಇಂಥ ಮಾರುಕಟ್ಟೆಯಲ್ಲಿ ಚಲನ ಸಂವೇದಕ ಬೇಕೆಂದು ಕೇಳುವವನ ಮುಂದೆ ಹಲವು ಬಗೆಯ ಮಾಡ್ಯೂಲುಗಳು ಬರಬಹುದು. ಎಲ್ಲವನ್ನೂ ಒಂದೇ ಹೆಸರಿನಿಂದ ಕರೆದರೂ ಅವುಗಳ ಕಾರ್ಯವಿಧಾನ ಬೇರೆ ಬೇರೆ. 2016ರಲ್ಲಿ ಆರಂಭವಾದ ಅಟಲ್ ಇನ್ನೊವೇಶನ್ ಮಿಷನ್‌ನ ಅಡಿಯಲ್ಲಿ ದೇಶದ ಶಾಲೆಗಳಲ್ಲಿ ಸ್ಥಾಪಿಸಲಾದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳಲ್ಲಿ 6ರಿಂದ 12ನೆಯ ತರಗತಿಯವರೆಗಿನ ವಿದ್ಯಾರ್ಥಿಗಳು ಸಂವೇದಕಗಳನ್ನು ಬಳಸಿ ಪ್ರಯೋಗ ನಡೆಸುತ್ತಾರೆ. ಅವರಿಗೂ ಈ ವ್ಯತ್ಯಾಸದ ತಿಳಿವಳಿಕೆ ಅಗತ್ಯ.

ಸಂವೇದಕವು ಅರಿಯುವುದು ಏನನ್ನು?

ಯಾವ ಸಂವೇದಕವೂ ಚಲನೆಯನ್ನು ಕಣ್ಣು ಕಂಡಂತೆ ಕಾಣುವುದಿಲ್ಲ. ಅದು ಯಾವುದೋ ಒಂದು ಭೌತಿಕ ಪರಿಮಾಣದಲ್ಲಿ ಉಂಟಾಗುವ ಬದಲಾವಣೆಯನ್ನು ಮಾತ್ರ ಅರಿಯುತ್ತದೆ. ಒಂದಕ್ಕೆ ಶಾಖದ ಬದಲಾವಣೆ ತಿಳಿಯುತ್ತದೆ, ಇನ್ನೊಂದಕ್ಕೆ ತರಂಗದ ಆವೃತ್ತಿಯ ಬದಲಾವಣೆ, ಮತ್ತೊಂದಕ್ಕೆ ದೂರದ ಬದಲಾವಣೆ. ಚಲನೆಯಾದರೂ ಆ ಪರಿಮಾಣ ಬದಲಾಗದಿದ್ದರೆ ಸಂವೇದಕ ಸುಮ್ಮನಿರುತ್ತದೆ. ಯಾರೂ ಇಲ್ಲದಿದ್ದರೂ ಅದು ಬದಲಾದರೆ ಸುಳ್ಳು ಸಂಕೇತ ನೀಡುತ್ತದೆ. ಹವ್ಯಾಸಿಗಳ ಸೋಲಿಗೆ ಬಹುತೇಕ ಈ ಎರಡರಲ್ಲೊಂದು ಕಾರಣವಾಗಿರುತ್ತದೆ.

ಶಾಖವನ್ನು ಅರಿಯುವ ಸಂವೇದಕ

ಹೆಚ್ಚು ಬಳಕೆಯಲ್ಲಿರುವುದು ಪಿ.ಐ.ಆರ್. ಸಂವೇದಕ. ಮನುಷ್ಯನ ಶರೀರವು ಸದಾ ಅವಕೆಂಪು ಕಿರಣಗಳನ್ನು ಹೊರಸೂಸುತ್ತದೆ. ಅವುಗಳ ತೀವ್ರತೆ 9ರಿಂದ 10 ಮೈಕ್ರೊಮೀಟರ್ ತರಂಗದೂರದ ಆಸುಪಾಸಿನಲ್ಲಿ ಅತ್ಯಧಿಕ. ಸಂವೇದಕದೊಳಗೆ ಈ ಕಿರಣಗಳಿಗೆ ಸ್ಪಂದಿಸುವ ಎರಡು ಘಟಕಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಲಾಗಿರುತ್ತದೆ. ಎರಡಕ್ಕೂ ಸಮಾನ ಶಾಖ ತಾಗಿದರೆ ಪರಿಣಾಮ ಶೂನ್ಯ. ವ್ಯಕ್ತಿಯೊಬ್ಬ ಅಡ್ಡಲಾಗಿ ಹಾದುಹೋದಾಗ ಶಾಖವು ಮೊದಲು ಒಂದಕ್ಕೆ, ಆಮೇಲೆ ಮತ್ತೊಂದಕ್ಕೆ ತಾಗಿ ಸಂಕೇತ ಹುಟ್ಟುತ್ತದೆ. ಮೇಲಿರುವ ಬಿಳಿಯ ಗುಮ್ಮಟ ಬರಿಯ ಮುಚ್ಚಳವಲ್ಲ. ದೀಪಸ್ತಂಭಗಳಿಗಾಗಿ ಫ್ರೆನೆಲ್ 1820ರ ದಶಕದಲ್ಲಿ ರೂಪಿಸಿದ ಮಸೂರದ ತತ್ತ್ವವನ್ನೇ ಅದು ಅನುಸರಿಸುತ್ತದೆ.

ಇದರಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಅಡ್ಡ ಹಾಯುವವರನ್ನು ಅರಿಯುವಷ್ಟು ಸುಲಭವಾಗಿ ಇದು ನೇರವಾಗಿ ತನ್ನತ್ತ ನಡೆದು ಬರುವವರನ್ನು ಅರಿಯದು. ಎರಡನೆಯದಾಗಿ, ಕಿಟಕಿಯ ಗಾಜು ಈ ಕಿರಣಗಳನ್ನು ತಡೆಯುವುದರಿಂದ ಗಾಜಿನ ಹಿಂದೆ ಇರಿಸಿದ ಸಂವೇದಕ ನಿಷ್ಪ್ರಯೋಜಕ. ಮೂರನೆಯದಾಗಿ, ಶರೀರಕ್ಕೂ ಹಿನ್ನೆಲೆಗೂ ಶಾಖದ ಅಂತರವಿರಬೇಕು. ಪುಣೆಯಲ್ಲಿ ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್‌ನ ಸಮೀಪಕ್ಕೆ ಏರುವುದುಂಟು. ಆಗ ಗೋಡೆಯೂ ಮನುಷ್ಯನೂ ಸಂವೇದಕಕ್ಕೆ ಹೆಚ್ಚುಕಡಿಮೆ ಒಂದೇ ಆಗಿ ತೋರುವುದರಿಂದ ಅದರ ವ್ಯಾಪ್ತಿ ಕುಗ್ಗುತ್ತದೆ. ರಾತ್ರಿಯ ತಂಪಿನಲ್ಲಿ ಈ ತೊಂದರೆ ಅಷ್ಟಾಗಿ ಇರದು.

ಮಾರುಕಟ್ಟೆಯಲ್ಲಿ ಸುಲಭವಾಗಿ ದೊರೆಯುವ ಎಚ್‌ಸಿ-ಎಸ್‌ಆರ್501 ಮಾಡ್ಯೂಲು 5 ವೋಲ್ಟ್ ಪೂರೈಕೆಯಲ್ಲಿ ಕೆಲಸ ಮಾಡುತ್ತದೆ. ವ್ಯಾಪ್ತಿಯನ್ನು ಸುಮಾರು 3ರಿಂದ 7 ಮೀಟರ್‌ವರೆಗೆ, ಸಂಕೇತದ ಅವಧಿಯನ್ನು ಕೆಲವು ಸೆಕೆಂಡುಗಳಿಂದ ಸುಮಾರು 5 ನಿಮಿಷಗಳವರೆಗೆ ಹೊಂದಿಸಿಕೊಳ್ಳಬಹುದು. ವಿದ್ಯುತ್ ಕೊಟ್ಟ ಬಳಿಕ ಸ್ಥಿರಗೊಳ್ಳಲು ಅದಕ್ಕೆ ಸುಮಾರು ಒಂದು ನಿಮಿಷ ಬೇಕು. ಆ ಅವಧಿಯ ಸಂಕೇತಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಸುಮ್ಮನಿರುವಾಗ ಅದು ಬಳಸುವ ವಿದ್ಯುತ್ತು 100 ಮೈಕ್ರೊಆಂಪಿಯರಿಗಿಂತಲೂ ಕಡಿಮೆ. ಆದ್ದರಿಂದ ಬ್ಯಾಟರಿಯಿಂದ ನಡೆಯುವ ಸಾಧನಗಳಿಗೆ ಇದು ಬಹಳ ಅನುಕೂಲ.

ಸೂಕ್ಷ್ಮತರಂಗ ಸಂವೇದಕ

ಹತ್ತಿರ ಬರುವ ಮೂಲದ ತರಂಗಗಳ ಆವೃತ್ತಿ ಹೆಚ್ಚಿದಂತೆಯೂ ದೂರ ಸರಿಯುವುದರ ಆವೃತ್ತಿ ಕುಗ್ಗಿದಂತೆಯೂ ಕಾಣುವುದೆಂದು ಡಾಪ್ಲರ್ 1842ರಲ್ಲಿ ಪ್ರತಿಪಾದಿಸಿದನು. ಚಲಿಸುವ ವಸ್ತುವಿಗೆ ತಾಗಿ ಮರಳುವ ತರಂಗಕ್ಕೂ ಇದು ಅನ್ವಯಿಸುತ್ತದೆ. ಆರ್‌ಸಿಡಬ್ಲ್ಯುಎಲ್-0516 ಎಂಬ ಅಗ್ಗದ ಮಾಡ್ಯೂಲು ಸುಮಾರು 3.2 ಗಿಗಾಹರ್ಟ್ಸ್ ತರಂಗಗಳನ್ನು ಹೊರಡಿಸಿ ಈ ತತ್ತ್ವದಿಂದ ಚಲನೆಯನ್ನು ಅರಿಯುತ್ತದೆ. ಬೇಸಗೆಯ ಸೆಕೆಯಿಂದ ಇದರ ಕೆಲಸ ಕೆಡದು. ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಪೂರ್ಣವಾಗಿ ಮುಚ್ಚಿಡಬಹುದು.

ಇದರ ಗುಣವೇ ಇದರ ದೋಷವೂ ಹೌದು. ತರಂಗಗಳು ಮರದ ಹಲಗೆ ಮತ್ತು ತೆಳುಗೋಡೆಗಳನ್ನು ದಾಟಿಹೋಗುತ್ತವೆ. ಮರದ ಅಡ್ಡಗೋಡೆಗಳಿರುವ ವಾಡೆಯಲ್ಲಿ ಪಕ್ಕದ ಕೋಣೆಯವರು ಮಗ್ಗುಲು ಬದಲಿಸಿದರೂ ಮೆಟ್ಟಿಲಿನ ದೀಪ ಹೊತ್ತಬಹುದು. ತಿರುಗುವ ಫ್ಯಾನೂ ಸಂಕೇತ ಕೊಡಿಸಬಹುದು.

ಈಚಿನ 24 ಗಿಗಾಹರ್ಟ್ಸ್ ಮಾಡ್ಯೂಲುಗಳು ಒಂದು ಹೆಜ್ಜೆ ಮುಂದೆ ಹೋಗಿವೆ. ಎಲ್‌ಡಿ2410 ಎಂಬುದು ಸುಮಾರು 5 ಮೀಟರ್ ಒಳಗೆ ಅಲುಗಾಡದೆ ಕುಳಿತ ವ್ಯಕ್ತಿಯನ್ನೂ ಉಸಿರಾಟದಂಥ ಸಣ್ಣ ಚಲನೆಯಿಂದ ಗುರುತಿಸಬಲ್ಲದು. ಎಷ್ಟು ದೂರದವರೆಗೆ ಗಮನಿಸಬೇಕೆಂಬುದನ್ನು ನಿಗದಿಪಡಿಸಲೂ ಬರುತ್ತದೆ. ಆದರೆ ಇದಕ್ಕೆ ಸುಮಾರು 80 ಮಿಲಿಆಂಪಿಯರ್ ವಿದ್ಯುತ್ತು ನಿರಂತರವಾಗಿ ಬೇಕಾಗುವುದರಿಂದ ಸಣ್ಣ ಬ್ಯಾಟರಿ ಸಾಲದು.

ದೂರವನ್ನು ಅಳೆಯುವ ಸಂವೇದಕ

ಎಚ್‌ಸಿ-ಎಸ್‌ಆರ್04 ಸಂವೇದಕವು 40 ಕಿಲೋಹರ್ಟ್ಸ್‌ನ ಶ್ರವಣಾತೀತ ಧ್ವನಿಯನ್ನು ಕಳುಹಿಸಿ ಪ್ರತಿಧ್ವನಿ ಮರಳುವ ಕಾಲವನ್ನು ತಿಳಿಸುತ್ತದೆ. ಪ್ರತಿಧ್ವನಿ 5 ಮಿಲಿಸೆಕೆಂಡುಗಳಲ್ಲಿ ಮರಳಿದರೆ, ಧ್ವನಿಯ ವೇಗ ಸೆಕೆಂಡಿಗೆ 343 ಮೀಟರ್ ಎಂದಿಟ್ಟುಕೊಂಡಾಗ, ಹೋಗಿಬರುವ ದಾರಿ 1.72 ಮೀಟರ್, ವಸ್ತುವಿರುವ ದೂರ ಅದರ ಅರ್ಧ, ಅಂದರೆ ಸುಮಾರು 86 ಸೆಂಟಿಮೀಟರ್. ಇದು 2 ಸೆಂಟಿಮೀಟರಿನಿಂದ 4 ಮೀಟರ್‌ವರೆಗೆ ಅಳೆಯಬಲ್ಲದೆಂದು ತಯಾರಕರು ಹೇಳುತ್ತಾರೆ. ಆದರೆ ಶಾಲು, ಕಂಬಳಿಗಳಂಥ ಮೆದು ಬಟ್ಟೆ ಧ್ವನಿಯನ್ನು ಹೀರುವುದರಿಂದ ಮನುಷ್ಯರ ವಿಷಯದಲ್ಲಿ ಈ ವ್ಯಾಪ್ತಿಯನ್ನು ನಂಬುವಂತಿಲ್ಲ. ಗೋಡೆಗೆ ಡಿಕ್ಕಿ ಹೊಡೆಯದಂತೆ ಚಲಿಸಬೇಕಾದ ಆಟಿಕೆ ವಾಹನಕ್ಕೆ ಇದು ಯೋಗ್ಯ. ಇದರ ಹೊರಸಂಕೇತ 5 ವೋಲ್ಟ್ ಆಗಿರುವುದರಿಂದ 3.3 ವೋಲ್ಟಿನ ನಿಯಂತ್ರಕಕ್ಕೆ ಜೋಡಿಸುವಾಗ ಎರಡು ರೋಧಕಗಳಿಂದ ವೋಲ್ಟೇಜನ್ನು ತಗ್ಗಿಸಬೇಕು.

ಬಾಗಿಲು ತೆರೆಯಿತೇ ಎಂದು ತಿಳಿಯಬೇಕಾಗಿದ್ದರೆ ಮೇಲಿನ ಯಾವುದೂ ಬೇಡ. ಬಾಗಿಲಿಗೆ ಒಂದು ಅಯಸ್ಕಾಂತ, ಚೌಕಟ್ಟಿಗೆ ಒಂದು ರೀಡ್ ಸ್ವಿಚ್ಚು ಸಾಕು. ವಸ್ತುವು ಓರೆಯಾಯಿತೇ, ನಡುಗಿತೇ ಎಂದು ತಿಳಿಯಲು ಎಂಪಿಯು-6050 ಅಥವಾ ಎಡಿಎಕ್ಸ್‌ಎಲ್345ರಂಥ ವೇಗೋತ್ಕರ್ಷ ಮಾಪಕವನ್ನು ಆ ವಸ್ತುವಿಗೇ ಬಿಗಿಯಾಗಿ ಕೂರಿಸಬೇಕು.

ಮೆಟ್ಟಿಲಿನ ದೀಪಕ್ಕೆ ಯಾವುದು?

ವಾಡೆಯ ಮೆಟ್ಟಿಲಿನಲ್ಲಿ ಚಲಿಸುವವರು ಮನುಷ್ಯರು, ವೇಳೆ ರಾತ್ರಿ, ಸುತ್ತಲೂ ಮರ. ಈ ಮೂರನ್ನೂ ಕೂಡಿಸಿ ನೋಡಿದರೆ ಪಿ.ಐ.ಆರ್. ಸಂವೇದಕವೇ ಸೂಕ್ತವೆಂದು ತೋರುತ್ತದೆ. ಒಂದನ್ನು ಮೇಲ್ತುದಿಯಲ್ಲಿ, ಇನ್ನೊಂದನ್ನು ಕೆಳತುದಿಯಲ್ಲಿ, ನಡೆಯುವ ದಾರಿಗೆ ಅಡ್ಡಲಾಗಿ ನೋಡುವಂತೆ ಪಕ್ಕದ ಗೋಡೆಗೆ ಹಾಕಬೇಕು. ಎರಡರಲ್ಲಿ ಯಾವುದೇ ಒಂದು ಸಂಕೇತ ಕೊಟ್ಟರೂ ದೀಪ ಹೊತ್ತುವಂತೆ ಜೋಡಿಸಬೇಕು. ಬಿಸಿಯಾಗುವ ದೀಪ ಸಂವೇದಕದ ಎದುರಿಗಿರಬಾರದು.

ನಿಂತವರನ್ನು ಪಿ.ಐ.ಆರ್. ಅರಿಯದೆಂಬ ದೋಷಕ್ಕೆ ಪರಿಹಾರವುಂಟು. ಪ್ರತಿಯೊಂದು ಹೊಸ ಚಲನೆಗೂ ಅವಧಿ ಮೊದಲಿನಿಂದ ಎಣಿಕೆಯಾಗುವಂತೆ ಮಾಡ್ಯೂಲಿನ ಜಂಪರನ್ನು ಇರಿಸಬೇಕು. ಮನೆಯ ಅತ್ಯಂತ ನಿಧಾನದ ನಡಿಗೆಯವರು ಮೆಟ್ಟಿಲು ಹತ್ತಲು ತೆಗೆದುಕೊಳ್ಳುವ ಕಾಲವನ್ನು ಗಡಿಯಾರ ನೋಡಿ ಅಳೆದು, ಅದರ ಎರಡರಷ್ಟನ್ನು ಅವಧಿಯಾಗಿ ಇಡುವುದು ಕ್ಷೇಮ. ಸಂಕೇತ ನಿಂತ ಕೂಡಲೇ ಈ ಮಾಡ್ಯೂಲು ಸುಮಾರು ಎರಡು-ಮೂರು ಸೆಕೆಂಡುಗಳ ಕಾಲ ಏನನ್ನೂ ಅರಿಯದು. ಆ ಕತ್ತಲೆಯಲ್ಲಿ ಕೈ ಬೀಸಿದರೂ ದೀಪ ಬಾರದು. ಅವಧಿಯನ್ನು ಉಳಿತಾಯದ ದೃಷ್ಟಿಯಿಂದ ತೀರ ಕಡಿಮೆ ಮಾಡಬಾರದೆನ್ನುವುದು ಇದಕ್ಕಾಗಿಯೇ. ಇಷ್ಟಾದರೂ ಸಾಲದೆನಿಸಿದರೆ ಮಾತ್ರ 24 ಗಿಗಾಹರ್ಟ್ಸ್ ಮಾಡ್ಯೂಲನ್ನು, ಅದರ ದೂರವನ್ನು ಮೆಟ್ಟಿಲಿನಷ್ಟಕ್ಕೆ ಸೀಮಿತಗೊಳಿಸಿ, ಪರೀಕ್ಷಿಸಬಹುದು.

ಸುರಕ್ಷತೆ

ಮನೆಯ ವಿದ್ಯುತ್ತು 230 ವೋಲ್ಟ್. ಅದರ ಸ್ಪರ್ಶ ಪ್ರಾಣಾಪಾಯಕಾರಿ. ಹಳೆಯ ಮರದ ಕಟ್ಟಡದಲ್ಲಿ ಸಡಿಲ ಜೋಡಣೆಯಿಂದ ಬೆಂಕಿಯ ಭಯವೂ ಇದೆ. ಹವ್ಯಾಸಿಯು ಒಳ್ಳೆಯ ಅಡಾಪ್ಟರಿನಿಂದ ನಡೆಯುವ 12 ವೋಲ್ಟಿನ ಎಲ್‌ಇಡಿ ದೀಪವನ್ನೇ ಬಳಸುವುದು ಉತ್ತಮ. ಮಾಡ್ಯೂಲಿನ ಸಂಕೇತ ದುರ್ಬಲವಾದುದರಿಂದ ದೀಪವನ್ನು ಟ್ರಾನ್ಸಿಸ್ಟರ್ ಅಥವಾ ರಿಲೇ ಮೂಲಕ ನಡೆಸಬೇಕು. 230 ವೋಲ್ಟಿನ ತಂತಿಗಳಿಗೆ ಸಂಬಂಧಿಸಿದ ಕೆಲಸವನ್ನು ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರರಿಗೇ ಬಿಡತಕ್ಕದ್ದು. ಸಂವೇದಕ ಕೆಟ್ಟಾಗ ಉಪಯೋಗಕ್ಕೆ ಬರುವಂತೆ ಕೈಯಿಂದ ಹಾಕುವ ಸ್ವಿಚ್ಚೊಂದನ್ನೂ ಉಳಿಸಿಕೊಳ್ಳಬೇಕು.

ಖರೀದಿಗೆ ಮುನ್ನ

ಅಂಗಡಿಗೆ ಹೋಗುವ ಮೊದಲು ಐದು ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳುವುದು ಒಳ್ಳೆಯದು.

1. ಚಲಿಸುವುದು ಮನುಷ್ಯನೋ, ವಸ್ತುವೋ?
2. ಎಷ್ಟು ದೂರದಲ್ಲಿ, ಯಾವ ದಿಕ್ಕಿನಲ್ಲಿ?
3. ನಡುವೆ ಗಾಜು, ಮರ ಅಥವಾ ಗೋಡೆ ಇದೆಯೇ?
4. ವಿದ್ಯುತ್ತು ಬ್ಯಾಟರಿಯದೋ, ಅಡಾಪ್ಟರಿನದೋ?
5. ಸಂವೇದಕ ತಪ್ಪಿದರೆ ಆಗುವ ಹಾನಿ ಏನು?

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಆಟಿಕೆಯ ವಾಹನ ಗೋಡೆಗೆ ತಾಗಿದರೆ ನಷ್ಟ ಅಲ್ಪ. ಮೆಟ್ಟಿಲಿನ ದೀಪ ತಪ್ಪಿದರೆ ಒಬ್ಬರ ಕಾಲು ಮುರಿಯಬಹುದು. ಆದುದರಿಂದ ರಚಿಸಿದ ಸಾಧನವನ್ನು ಹಗಲು, ರಾತ್ರಿ, ಸೆಕೆ, ಮಳೆ ಎಲ್ಲ ಸಮಯಗಳಲ್ಲಿಯೂ ನಡೆದು ನೋಡಿ, ಅದು ತಪ್ಪಿದ ಪ್ರತಿಯೊಂದು ಸಂದರ್ಭವನ್ನೂ ಗುರುತು ಹಾಕಿಕೊಂಡು ತಿದ್ದಬೇಕು. ಅಜ್ಜಿ ನಡುಮೆಟ್ಟಿಲಿನಲ್ಲಿ ನಿಂತಷ್ಟು ಹೊತ್ತೂ ದೀಪ ಆರದಿದ್ದರೆ ಹವ್ಯಾಸಿಯ ಶ್ರಮ ಸಾರ್ಥಕ.